ಕಂಪ್ಯೂಟರ್ ‘ಅಪಾಯ’ ಅಂದರೆ ಅಪಾಯವೇನಾ?

ಅಮೆರಿಕದ ಸಿಯಾಟಲ್ ಅಂದರೆ ನಮ್ಮೂರಿನವರಿಗೆ ಅಮೆಜಾನ್, ಮೈಕ್ರೋಸಾಫ್ಟ್. ಜೀನ್‌ಗಳ ಕೆಲಸ ಮಾಡುವ ನಮ್ಮಂಥವರಿಗೆ ಈ ಊರು ಬೇರೆಯೇ. ಇಲ್ಲಿ ಲೇಕ್ ಯೂನಿಯನ್ ಪಕ್ಕದಲ್ಲಿ ಫ್ರೆಡ್ ಹಚ್ ಎಂಬ ಕ್ಯಾನ್ಸರ್ ಸಂಶೋಧನಾ ಕೇಂದ್ರವಿದೆ. ಜೀನ್‌ನಲ್ಲಿ ಆದ ಸಣ್ಣ ಬದಲಾವಣೆ ಅಪಾಯದ್ದೋ ಅಲ್ಲವೋ ಎಂದು ಅಂದಾಜು ಮಾಡುವ ‘ಸಿಫ್ಟ್’ ಪ್ರೋಗ್ರಾಂ 2001ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಅದನ್ನು ಮಾಡಿದವರು ಪಾಲಿನ್ ಎಂಗ್ ಮತ್ತು ಸ್ಟೀವನ್ ಹೆನಿಕಾಫ್. ಸ್ವಲ್ಪ ದೂರದಲ್ಲೇ ವಾಷಿಂಗ್ಟನ್ ವಿಶ್ವವಿದ್ಯಾಲಯ. ಸ್ತನ ಕ್ಯಾನ್ಸರ್‌ನ ಬಿಆರ್‌ಸಿಎ1 ಜೀನ್ 17ನೇ ಕ್ರೋಮೋಸೋಮಿನಲ್ಲಿದೆ ಎಂದು 1990ರಲ್ಲಿ ತೋರಿಸಿಕೊಟ್ಟ ಮೇರಿ-ಕ್ಲೇರ್ ಕಿಂಗ್ ಆಮೇಲೆ ಬಂದು ಸೇರಿದ್ದು ಅಲ್ಲಿಗೆ.

ನಾನು ಇಲ್ಲಿನ ಒಂದು ಲ್ಯಾಬ್‌ನಲ್ಲಿ ಇಂಥ ಬದಲಾವಣೆಗಳನ್ನು, ಅಂದರೆ ವೇರಿಯಂಟ್‌ಗಳನ್ನು, ನೋಡಿ ವಿಂಗಡಿಸುತ್ತೇನೆ. ಅದು ಗೊತ್ತಿರುವುದರಿಂದ ಊರಿನಿಂದ ಆಗಾಗ ವಾಟ್ಸಾಪ್‌ನಲ್ಲಿ ಜೀನ್ ಟೆಸ್ಟ್ ರಿಪೋರ್ಟಿನ ಫೋಟೋ ಬರುತ್ತದೆ. “ಸಿಫ್ಟ್, ಡ್ಯಾಮೇಜಿಂಗ್ ಅಂತ ಇದೆ ಕಣೋ. ಚಿಕ್ಕಮ್ಮನಿಗೆ ಆಪರೇಷನ್ ಮಾಡಿಸಬೇಕಾ?” ಎಂದು ಅಣ್ಣ ಕೇಳಿದ್ದ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಿಆರ್‌ಸಿಎ1 ಜೀನ್ ಹೇಳಿದಂತೆ ತಯಾರಾಗುವ ಪ್ರೋಟೀನಿನಲ್ಲಿ 1863 ಅಮೈನೋ ಆಮ್ಲಗಳು ಮಣಿಸರದ ಹಾಗೆ ಸಾಲಾಗಿವೆ. 61ನೆಯ ಜಾಗದಲ್ಲಿ ಸಿಸ್ಟೀನ್ ಎಂಬ ಆಮ್ಲ. ಅದು ಸತುವಿನ ಪರಮಾಣುವನ್ನು ಹಿಡಿದುಕೊಂಡಿರುತ್ತದೆ, ಆ ಹಿಡಿತ ಇದ್ದರೇನೇ ಪ್ರೋಟೀನಿನ ಆ ಭಾಗಕ್ಕೆ ಆಕಾರ. ಅಲ್ಲಿ ಗ್ಲೈಸೀನ್ ಎಂಬ ಬೇರೆ ಆಮ್ಲ ಬಂದು ಕೂತರೆ ಹಿಡಿತ ಹೋಯಿತು. ಸಿಫ್ಟ್‌ಗೆ ಈ ಸತುವಿನ ಕಥೆಯೆಲ್ಲ ಗೊತ್ತಿಲ್ಲ. ಅದು ಬೇರೆ ಬೇರೆ ಪ್ರಾಣಿಗಳ ಅದೇ ಪ್ರೋಟೀನನ್ನು ಸಾಲಾಗಿ ಜೋಡಿಸಿ ನೋಡುತ್ತದೆ. ಎಲ್ಲದರಲ್ಲೂ ಆ ಜಾಗದಲ್ಲಿ ಸಿಸ್ಟೀನೇ ಇದ್ದರೆ, ಬದಲಾದರೆ ಕಷ್ಟ ಎಂದು ಲೆಕ್ಕ ಹಾಕುತ್ತದೆ. ಇಷ್ಟು ಸರಳ ಉಪಾಯ ಇಷ್ಟು ಸಲ ಸರಿಹೋಗುತ್ತದಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಒಂದು ತಮಾಷೆ ಏನೆಂದರೆ, ಸಿಫ್ಟ್‌ನಲ್ಲಿ ಅಂಕ 0ಗೆ ಹತ್ತಿರವಾದಷ್ಟೂ ಅಪಾಯ, 0.05ಕ್ಕಿಂತ ಕಡಿಮೆಯಾದರೆ ‘ಡ್ಯಾಮೇಜಿಂಗ್’. ಪಾಲಿಫೆನ್-2 ಎಂಬ ಇನ್ನೊಂದು ಪ್ರೋಗ್ರಾಂನಲ್ಲಿ ಉಲ್ಟಾ, 1ಕ್ಕೆ ಹತ್ತಿರವಾದಷ್ಟೂ ಅಪಾಯ. ಎರಡೂ ಒಂದೇ ರಿಪೋರ್ಟಿನಲ್ಲಿ ಅಕ್ಕಪಕ್ಕ ಇರುತ್ತವೆ! ಮನೆಯವರು ಗಾಬರಿಯಾಗದೆ ಇನ್ನೇನು ಮಾಡುತ್ತಾರೆ?

ಇನ್ನು ಕೆಲವು ರಿಪೋರ್ಟಿನಲ್ಲಿ ಐದಾರು ಟೂಲ್‌ಗಳು ‘ಅಪಾಯ’ ಎಂದಿರುತ್ತವೆ. ಐದಾರು ಸಾಕ್ಷಿ ಸಿಕ್ಕ ಹಾಗೆ ಅನ್ನಿಸುತ್ತೆ, ಅಲ್ವಾ? ಆದರೆ ಇವುಗಳಲ್ಲಿ ಬಹುತೇಕ ನೋಡುವುದು ಹೆಚ್ಚುಕಮ್ಮಿ ಅದೇ ಮಾಹಿತಿ. ಒಂದೇ ಪೇಪರ್ ಓದಿದ ಐದು ಜನ ಬಂದು ಒಂದೇ ಸುದ್ದಿ ಹೇಳಿದ ಹಾಗೆ. ಅದಕ್ಕೇ ಅಮೆರಿಕದ ಜೆನೆಟಿಕ್ಸ್ ವೈದ್ಯರ ಸಂಸ್ಥೆ 2015ರ ನಿಯಮಗಳಲ್ಲಿ ಇವೆಲ್ಲವನ್ನೂ ಸೇರಿಸಿ ಒಂದೇ ಸಾಕ್ಷಿ ಎಂದು ಎಣಿಸಿತು. ಅದೂ ತೀರಾ ಕೆಳಗಿನ ದರ್ಜೆಯದು. ಈಚೆಗೆ ಕೆಲವು ಟೂಲ್‌ಗಳ ತೂಕ ಜಾಸ್ತಿಯಾಗಿದೆ, ನಿಜ. 2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಮಿಸೆನ್ಸ್ 7.1 ಕೋಟಿ ವೇರಿಯಂಟ್‌ಗಳಿಗೆ ಅಂಕ ಕೊಟ್ಟು, ಅವುಗಳಲ್ಲಿ 89%ನ್ನು ಅಪಾಯದ್ದೋ ನಿರಪಾಯದ್ದೋ ಎಂದು ವಿಂಗಡಿಸಿಯೂ ಬಿಟ್ಟಿತು. ಹಾಗಂತ ಬರೀ ಅಂಕ ನೋಡಿ ಯಾರೂ ಚಾಕು ಹಿಡಿಯುವುದಿಲ್ಲ.

ಯಾಕೆ ಅಂತೀರಾ? ಅದೇ ಬಿಆರ್‌ಸಿಎ1ನ 1699ನೆಯ ಜಾಗ ನೋಡಿ. ಅಲ್ಲಿರುವ ಆರ್ಜಿನೀನ್ ಹೋಗಿ ಟ್ರಿಪ್ಟೊಫ್ಯಾನ್ ಬಂದರೆ ಪೂರ್ತಿ ಅಪಾಯ. ಗ್ಲುಟಮೀನ್ ಬಂದರೆ 70 ವರ್ಷದೊಳಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 24%. ಈ ಜೀನಿನ ಮಾಮೂಲಿ ಕೆಟ್ಟ ವೇರಿಯಂಟ್ ಇದ್ದವರಲ್ಲಿ 80ರೊಳಗೆ ಸ್ತನ ಕ್ಯಾನ್ಸರ್ ಒಂದೇ 72%. ಟೂಲ್‌ಗಳು ಸಾಮಾನ್ಯವಾಗಿ ಎರಡನ್ನೂ ಅಪಾಯದ ಗುಂಪಿಗೇ ಹಾಕುತ್ತವೆ. ಪ್ರೋಟೀನ್ ಕೆಡುತ್ತದೆಯೇ ಎಂಬ ಪ್ರಶ್ನೆಗೆ ಅವು ಉತ್ತರ ಕೊಡುತ್ತವೆ. ಚಿಕ್ಕಮ್ಮನಿಗೆ ಕಾಯಿಲೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಟ್ರಿಪ್ಟೊಫ್ಯಾನ್‌ಗೂ ಗ್ಲುಟಮೀನ್‌ಗೂ ಇರುವ ಆ ವ್ಯತ್ಯಾಸ ತಿಳಿದದ್ದು ಎಷ್ಟೋ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿದ್ದರಿಂದ.

ಭಾರತದ ನಮ್ಮವರ ತೊಂದರೆ ಇರುವುದೇ ಇಲ್ಲಿ. ಜನರ ಜೀನ್ ಮಾಹಿತಿಯ ಡೇಟಾಬೇಸ್‌ಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ. ಒಂದು ವೇರಿಯಂಟ್ ಸಾವಿರಾರು ಆರೋಗ್ಯವಂತರಲ್ಲಿ ಕಂಡಿದ್ದರೆ ‘ಇದು ನಿರಪಾಯ’ ಎಂದು ಬೇಗ ಹೇಳಬಹುದು. ನಮ್ಮವರಲ್ಲಿ ಮಾಮೂಲಿಯಾದದ್ದು ಅಲ್ಲಿ ದಾಖಲಾಗಿರದಿದ್ದರೆ ಅಪರೂಪದ್ದು ಅನ್ನಿಸಿಕೊಂಡು ‘ವಿಯುಎಸ್’ ಹಣೆಪಟ್ಟಿ ಹೊತ್ತು ಬರುತ್ತದೆ, ಅಂದರೆ ಒಳ್ಳೆಯದೋ ಕೆಟ್ಟದ್ದೋ ಇನ್ನೂ ಗೊತ್ತಾಗಿಲ್ಲ. ಆಗ ಕಣ್ಣಿಗೆ ಬೀಳುವುದು ಕಂಪ್ಯೂಟರಿನ ಅಂಕ ಮಾತ್ರ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ಜೀನ್ ಡೇಟಾ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಆ ಸುದ್ದಿ ಓದಿ ನನಗಾದ ಖುಷಿ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಬಿಡಿ.

ಚಿಕ್ಕಮ್ಮನ ರಿಪೋರ್ಟಿನಲ್ಲಿ ಇದ್ದದ್ದೂ ವಿಯುಎಸ್ಸೇ. ವಿಯುಎಸ್ ಒಂದನ್ನೇ ನಂಬಿ ಆಪರೇಷನ್ ಮಾಡಿಸುವ ಹಾಗಿಲ್ಲ ಎಂದೆ. ಮೊದಲು ಇಂಥ ರಿಪೋರ್ಟ್ ವಿವರಿಸಿ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ, ಮನೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಕ್ಯಾನ್ಸರ್ ಬಂದಿತ್ತು ಎಂದು ಬರೆದುಕೊಂಡು ಹೋಗಿ ಎಂದೆ. ರಿಪೋರ್ಟ್ ಹಳೆಯದಾದರೆ ಅದೇ ಲ್ಯಾಬಿಗೆ ಮತ್ತೊಮ್ಮೆ ನೋಡಲು ಹೇಳಬೇಕು. ಹಾಗೆ ಮತ್ತೆ ನೋಡಿದಾಗ ಹಣೆಪಟ್ಟಿ ಬದಲಾದ ವಿಯುಎಸ್‌ಗಳಲ್ಲಿ ಹೆಚ್ಚಿನವು ನಿರಪಾಯದ ಕಡೆಗೇ ಹೋಗಿವೆ.