ಪುಷ್ಯ ಮಳೆಯಲ್ಲಿ ಘಟ್ಟದಂಚಿನ ಶಿಬಿರ

ಶಿವಮೊಗ್ಗದಿಂದ ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಅಲ್ಲಿಂದ ಕುಂದಾಪುರದ ರಸ್ತೆ ಹಿಡಿದರೆ ಯಡೂರು, ಮಾಸ್ತಿಕಟ್ಟೆ, ಹುಲಿಕಲ್. ಯಡೂರಿನ ಹತ್ತಿರ ವಾರಾಹಿಗೆ ಕಟ್ಟಿದ ಮಾಣಿ ಅಣೆಕಟ್ಟು ಇದೆ. ಅದರ ನೀರು ಘಟ್ಟದ ಕೆಳಗಿನ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಕರೆಂಟು ಹುಟ್ಟುವ ಇದೇ ಬೆಟ್ಟಸಾಲಿನಲ್ಲಿ ಕರೆಂಟಿನ ತಂತಿಯೇ ತಲುಪದ ಜಾಗಗಳಿವೆ. ಅರಣ್ಯ ಇಲಾಖೆಯ ಕಳ್ಳಬೇಟೆ ತಡೆ ಶಿಬಿರಗಳಿರುವುದು ಅಂಥ ಕಡೆ.

ಅನುಮತಿ ಪತ್ರ ಕೈಯಲ್ಲಿಲ್ಲದೆ ಹೊರಡಬಾರದು. ಜೀಪು ನಿಲ್ಲುವಲ್ಲಿಂದ 5 ಕಿ.ಮೀ. ನಡಿಗೆ. ಬೇಸಗೆಯಲ್ಲಿ ಒಂದೂವರೆ ತಾಸಿನ ದಾರಿಗೆ ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ಮೂರು ತಾಸು ಬೇಕು. ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಬೆರೆಸಿ ಕಾಲಿಗೆ ಹಚ್ಚಿದರೆ ಇಂಬಳ (ಜಿಗಣೆ) ಹತ್ತುವುದು ಕಡಿಮೆ. ಆದರೆ ಹಳ್ಳ ದಾಟಿದಾಗಲೆಲ್ಲ ಮತ್ತೆ ಹಚ್ಚಬೇಕು.

ಶಿಬಿರ ಎಂದರೆ ಎರಡು ಕೋಣೆ, ತಗಡಿನ ಮಾಡು, ಒಬ್ಬ ಗಾರ್ಡ್, ಮೂವರು ವಾಚರುಗಳು. ಗೋಡೆಯ ಗಾರೆ ಮೊಣಕಾಲಿನೆತ್ತರದವರೆಗೆ ಉದುರಿ ಕಲ್ಲು ಕಾಣುತ್ತದೆ. ಅಕ್ಕಿಚೀಲ ನೆಲಕ್ಕೆ ತಾಗದಂತೆ ಜಂತಿಗೆ ನೇತಾಡುತ್ತಿದೆ. ಮಳೆ ಹಿಡಿದು ಹತ್ತು ದಿನವಾಯಿತೆಂದರೆ ಇಲ್ಲಿ ಮಾತು ಕಡಿಮೆಯಾಗುತ್ತದೆ, ರಾತ್ರಿ ಅಗುಳಿ ಹಾಕಿದೆಯೇ ಎಂದು ಎರಡೆರಡು ಸಲ ಎದ್ದು ನೋಡುತ್ತಾರೆ. ಕಿರಿಯ ವಾಚರು ಹಿತ್ತಲಿಗೂ ಒಬ್ಬನೇ ಹೋಗುವುದಿಲ್ಲ. ಈ ದಿಗಿಲಿನ ಬೇರು ಹುಡುಕುತ್ತ ಹೋದರೆ ಮೊದಲು ಸಿಗುವುದು ವೈರ್‌ಲೆಸ್ ಸೆಟ್ಟು.

ಲೆಕ್ಕ ಸರಳ. ಸೆಟ್ಟು ಸುಮ್ಮನೆ ಆನ್ ಇದ್ದರೂ ಅರ್ಧ ಆಂಪಿಯರಿನ ಆಸುಪಾಸು ಎಳೆಯುತ್ತದೆ, ದಿನಕ್ಕೆ ಸುಮಾರು 12 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ತಾಸು ಹರಿದರೆ ಒಂದು ಆಂಪಿಯರ್-ಅವರ್). ಎರಡು ಎಲ್ಇಡಿ ದೀಪಕ್ಕೆ ಇನ್ನೂ 3. ಮಾಡಿನ ಮೇಲಿನ 100 ವ್ಯಾಟಿನ ಸೋಲಾರ್ ಪ್ಯಾನೆಲ್ ಬೇಸಗೆಯಲ್ಲಿ 25ರಷ್ಟು ಕೊಟ್ಟರೆ, ಮೋಡ ಕವಿದು ಗಾಜಿಗೆ ಪಾಚಿ ಹತ್ತಿದ ಮೇಲೆ ಮೂರೋ ನಾಲ್ಕೋ. 75 ಆಂಪಿಯರ್-ಅವರಿನ ಬ್ಯಾಟರಿ ಹೊಸದಿದ್ದರೂ ವಾರದಲ್ಲಿ ಬರಿದಾಗುತ್ತದೆ. ಹಳೆಯದಾದರೆ ನಾಲ್ಕೇ ದಿನ.

ಅದು ಸಾಯುವ ರೀತಿ ವಿಚಿತ್ರ. ಕೇಳಿಸಿಕೊಳ್ಳಲು ಕರೆಂಟು ಕಡಿಮೆ ಸಾಕು, ಹಾಗಾಗಿ ಆಚೆಯವರ ದನಿ ಸ್ಪಷ್ಟವಾಗಿ ಬರುತ್ತಿರುತ್ತದೆ. ಉತ್ತರ ಕೊಡಲು ಬಟನ್ ಒತ್ತಿದ ಕ್ಷಣ ಸೆಟ್ಟು 5–6 ಆಂಪಿಯರ್ ಕೇಳುತ್ತದೆ, ವೋಲ್ಟೇಜು ಕುಸಿಯುತ್ತದೆ, ಸೆಟ್ಟು ಆರುತ್ತದೆ. ಬೆರಳು ತೆಗೆದರೆ ಮತ್ತೆ ಹೊತ್ತಿಕೊಂಡು ಅದೇ ದನಿ ಕರೆಯುತ್ತದೆ. ತನ್ನ ಹೆಸರು ಕೂಗುವುದು ಕೇಳುತ್ತಿದೆ, ಓಗೊಡಲು ಆಗುತ್ತಿಲ್ಲ. ಕಾಡಿನ ನಡುವೆ ರಾತ್ರಿ ಒಂಬತ್ತಕ್ಕೆ ಇದು ಎಂಥವರ ಎದೆಯನ್ನೂ ನಡುಗಿಸುತ್ತದೆ. "ಎಂತ ಇಲ್ಲ ಮಾರಾಯ, ಬ್ಯಾಟ್ರಿ ಸತ್ತದ್ದು ಅಷ್ಟೆ," ಎಂದು ಹಿರಿಯ ವಾಚರು ಸಮಾಧಾನ ಹೇಳುತ್ತಾರೆ. ಆ ಮಾತು ನಿಜ.

ಮದ್ದೂ ಇದೆ. ಸೆಟ್ಟನ್ನು ಇಡೀ ದಿನ ಹಚ್ಚಿಡದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೊತ್ತಾದ ಹೊತ್ತಿಗೆ ಹತ್ತು ನಿಮಿಷ ಮಾತ್ರ ಆನ್ ಮಾಡಬೇಕು. ಆ ಹೊತ್ತು ಆಚೆಯವರಿಗೂ ಗೊತ್ತಿರಬೇಕು, ಇಲ್ಲದಿದ್ದರೆ ಅವರೂ ಗಾಬರಿಯಾಗುತ್ತಾರೆ. ಬ್ಯಾಟರಿಯ ಟರ್ಮಿನಲ್ಲಿಗೆ, ಅಂದರೆ ತಂತಿ ಸಿಕ್ಕಿಸುವ ಮೊಳಕೆಗೆ, ಹತ್ತಿದ ಬಿಳಿ-ಹಸಿರು ಹುಡಿಯನ್ನು ಬ್ಯಾಟರಿಯ ಮುಚ್ಚಳ ಬಿಗಿಮಾಡಿಕೊಂಡು ಅಡುಗೆ ಸೋಡಾದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಬೇಕು. ಸುತ್ತ ಇಷ್ಟು ನೀರಿದ್ದರೂ ತಗಡಿನಿಂದ ಇಳಿದ ನೀರನ್ನು ಬ್ಯಾಟರಿಗೆ ಹಾಕಬಾರದು. ಅದರಲ್ಲಿ ಬರುವ ಲೋಹದ ಅಂಶ ಪ್ಲೇಟು ಕೆಡಿಸುತ್ತದೆ. ಡಿಸ್ಟಿಲ್ಡ್ ವಾಟರನ್ನು ತೀರ್ಥಹಳ್ಳಿಯಿಂದಲೇ ಹೊತ್ತು ತರಬೇಕು.

ಎರಡನೆಯ ಬೇರು ಒಲೆಯಲ್ಲಿದೆ, ಇದು ಜೀವಕ್ಕೇ ಅಪಾಯ. ಇರುಚಲು ತಡೆಯಲು ಕಿಟಕಿಗೆ ಟಾರ್ಪಾಲು ಬಿಗಿಯುತ್ತಾರೆ. ಸೌದೆ ಹಸಿ. ರಾತ್ರಿ ಕೆಂಡವನ್ನು ಬಾಣಲೆಗೆ ತೋಡಿ ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು, ಆಮೇಲೆ ಮಂಕು. ನಾಲ್ವರಿಗೂ ಒಂದೇ ರಾತ್ರಿ ಹೀಗಾದರೆ "ಚೌಡಿ ಕಾಟ" ಎನ್ನುವ ಮಾತು ಬರುವುದು ಸಹಜ. ಹೊರಗೆ ಬಂದರೆ ತಲೆ ಹಗುರ, ಒಳಗೆ ಹೋದರೆ ಮತ್ತೆ ಭಾರ ಎನ್ನಿಸಿದರೆ ಅದು ಕೆಂಡದ ಕೆಲಸ. ಕೂಡಲೇ ಎಲ್ಲರೂ ಹೊರಬರಬೇಕು. ಕೆಂಡ ಒಳಗಿಟ್ಟು ಮಲಗಲೇಬಾರದು. ಸೌದೆಯನ್ನು ಮೇ ತಿಂಗಳಲ್ಲೇ ಸೀಳಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರೆ ಮಳೆಗಾಲದ ಅರ್ಧ ಹೊಗೆ ಹುಟ್ಟುವುದೇ ಇಲ್ಲ.

ಮಾಡಿನ ಸೋರಿಕೆಗೆ ಹೆಚ್ಚಾಗಿ ಮೊಳೆಯೇ ಕಾರಣ. ತಗಡಿನ ತಗ್ಗಿನಲ್ಲಿ ಹೊಡೆದ ಮೊಳೆಯ ತೂತಿಗೆ ನೀರು ಹರಿದು ಬರುತ್ತದೆ, ಉಬ್ಬಿನಲ್ಲಿ ಹೊಡೆದದ್ದಕ್ಕೆ ಬರುವುದಿಲ್ಲ. ವಾಷರು ಬಿರುಕು ಬಿಟ್ಟಿದ್ದರೆ ಬೇಸಗೆಯಲ್ಲೇ ಬದಲಿಸಬೇಕು. ಪಾಚಿ ಕಟ್ಟಿದ ಮಾಡನ್ನು ಈಗ ಹತ್ತುವುದು ಬೇಡ. ಸದ್ದಿಗೆ ಮಾತ್ರ ಉಪಾಯವಿಲ್ಲ. ಜೋರು ಮಳೆಯಲ್ಲಿ ಪಕ್ಕದವನ ಮಾತೂ ಕೇಳದು, ಅಂಗಳಕ್ಕೆ ಕಾಟಿ (ಕಾಡುಕೋಣ) ಬಂದರೂ ತಿಳಿಯದು.

ಸಂಜೆ ಆರಕ್ಕೆ ಸೆಟ್ಟು ಹಚ್ಚಿದರು. ಟರ್ಮಿನಲ್ ತೊಳೆದು, ಪ್ಯಾನೆಲಿನ ಪಾಚಿ ತಿಕ್ಕಿ, ಎರಡು ದಿನ ಸೆಟ್ಟಿಗೆ ಬಿಡುವು ಕೊಟ್ಟಿದ್ದರಿಂದ ಬ್ಯಾಟರಿ 12.3 ವೋಲ್ಟು ತೋರಿಸುತ್ತಿತ್ತು. ಗಾರ್ಡ್ ಬಟನ್ ಒತ್ತಿ, ನಾಲ್ವರೂ ಇದ್ದೇವೆ, ಹಳ್ಳ ತುಂಬಿದೆ, ಅಕ್ಕಿ ಆರು ದಿನಕ್ಕಿದೆ, ಓವರ್ ಎಂದರು. ದೀಪ ಆರಲಿಲ್ಲ. ಆಚೆಯಿಂದ ರೋಜರ್, ಅಂದರೆ ಕೇಳಿಸಿತು ಎಂಬ ಉತ್ತರ, ಬಂತು. ಕಿರಿಯ ವಾಚರು ಕೊಡ ಎತ್ತಿಕೊಂಡು ಒಬ್ಬನೇ ಹಿತ್ತಲಿಗೆ ಹೋದ.