ಗದಗ ಜಂಕ್ಷನ್‌ನಲ್ಲಿ ಹಿಂದಕ್ಕೆ ಓಡಿದ ಎಂಜಿನ್

ಆಟಿಕೆ ರೈಲಿನ ಎಂಜಿನ್ ಬಿಚ್ಚಿ, ಮೋಟರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗವಾದ ಆರ್ಮೇಚರನ್ನು ಹೊರತೆಗೆದು ಹಳೆಯ ದಿನಪತ್ರಿಕೆಯ ಮೇಲೆ ಇಟ್ಟು ನಾನು ಚಹಾಕ್ಕೆ ಎದ್ದದ್ದೇ ತಪ್ಪಾಯಿತು. ಅಡುಗೆಮನೆಯಲ್ಲಿ ಅಮ್ಮ ಸುಸಲಾ ಮಾಡಿದ್ದರು. ಅದನ್ನು ತಿಂದು, ಮಗಳ ಲೆಕ್ಕದ ಪುಸ್ತಕ ನೋಡಿ, ಮರುದಿನ ಬ್ಯಾಂಕಿಗೆ ಹೋಗಿ, ಮತ್ತೆ ಆ ಮೇಜಿನ ಮುಂದೆ ಬಂದು ಕುಳಿತದ್ದು ನಾಲ್ಕು ದಿನಗಳ ನಂತರ. ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಬ್ರಷ್‌ಗಳನ್ನು ಒರೆಸಿ, ಎಲ್ಲವನ್ನೂ ಜೋಡಿಸಿ ಹಳಿಯ ಮೇಲೆ ಇಟ್ಟರೆ ಎಂಜಿನ್ ಜ್ವರ ಬಂದ ಮಗುವಿನಂತೆ ಬಿಸಿಯಾಗಿ, ಗುಂಯ್ ಎಂದು ಸದ್ದು ಮಾಡಿ, ಎರಡು ಡಬ್ಬಿಗಳನ್ನೂ ಎಳೆಯಲಾರದೆ ನಿಂತುಬಿಟ್ಟಿತು. ಮಲ್ಟಿಮೀಟರ್ ಹಿಡಿದೆ. ಮೊದಲು ಅರ್ಧ ಆಂಪಿಯರ್‌ಗೆ ಓಡುತ್ತಿದ್ದ ಮೋಟರ್ ಈಗ ಒಂದು ಆಂಪಿಯರ್‌ಗಿಂತ ಹೆಚ್ಚು ನುಂಗುತ್ತಿತ್ತು. ಊಟ ಎರಡು ಪಟ್ಟು, ಕೆಲಸ ಕಾಲು ಭಾಗ.

ಮ್ಯಾಗ್ನೆಟ್ ಸೋರಿಹೋಗಿತ್ತು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ ಹಳೆಯ ಅಲ್ನಿಕೋ ಮ್ಯಾಗ್ನೆಟ್‌ಗಳ ಸ್ವಭಾವವೇ ಅದು. ಎರಡು ಧ್ರುವಗಳ ನಡುವೆ ಕಬ್ಬಿಣದ ಆರ್ಮೇಚರ್ ಇರುವವರೆಗೆ ನೆಮ್ಮದಿಯಾಗಿರುತ್ತವೆ. ಅದನ್ನು ಎಳೆದುಕೊಂಡ ಗಳಿಗೆಯಲ್ಲೇ ಒಂದಿಷ್ಟು ಶಕ್ತಿ ಹೊರಟುಹೋಗುತ್ತದೆ. ಆ ಜಾಗಕ್ಕೆ ಅಡ್ಡಲಾಗಿ ಮೆದು ಕಬ್ಬಿಣದ ತುಂಡೊಂದನ್ನು ಕೂರಿಸಬೇಕು, ಅದಕ್ಕೆ ಕೀಪರ್ ಎನ್ನುತ್ತಾರೆ. ಇದನ್ನು ನಾನು ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಈ ರೈಲು ನನ್ನ ಬಳಿಗೆ ಬಂದದ್ದು ಧಾರವಾಡದ ಮಾಳಮಡ್ಡಿಯಿಂದ. ಅಲ್ಲಿ ಅಪ್ಪನ ಪರಿಚಯದವರ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಅಟ್ಟದ ಮೇಲಿದ್ದ ಟ್ರಂಕು ಕೆಳಗಿಳಿಯಿತು. ಆ ಮನೆಯ ಅಜ್ಜ ಓದಲು ವಿಲಾಯತಿಗೆ ಹೋಗಿದ್ದವರು, ಬರುವಾಗ ಮಗನಿಗೆಂದು ತಂದದ್ದು. ಹಾರ್ನ್‌ಬಿ ಡಬ್ಲೊ: ಲಿವರ್‌ಪೂಲಿನ ಮೆಕ್ಯಾನೊ ಕಂಪನಿ 1938ರಲ್ಲಿ ಹೊರತಂದ ಆಟಿಕೆ ರೈಲು. ನಮ್ಮ ಟ್ರಂಕಿನಲ್ಲಿದ್ದದ್ದು ಯುದ್ಧದ ನಂತರದ ಕಪ್ಪು ಟ್ಯಾಂಕ್ ಎಂಜಿನ್ (ನೀರು, ಕಲ್ಲಿದ್ದಲನ್ನು ತಾನೇ ಹೊರುವ ಉಗಿ ಎಂಜಿನ್‌ನ ಮಾದರಿ), ಪಕ್ಕದಲ್ಲಿ 69567 ಎಂಬ ಸಂಖ್ಯೆ. ಜೊತೆಗೆ ತಗಡಿನ ಡಬ್ಬಿಗಳು, ಒಂದು ರಾಶಿ ಹಳಿ, ಮುಟ್ಟಿದರೆ ರಬ್ಬರ್ ಪುಡಿಯಾಗಿ ಉದುರುವ ತಂತಿಗಳ ಒಂದು ಕಂಟ್ರೋಲರ್. ಆ ಕಂಟ್ರೋಲರನ್ನು ನಮ್ಮ ಮನೆಯ 230 ವೋಲ್ಟ್‌ಗೆ ಸಿಕ್ಕಿಸುವ ಧೈರ್ಯ ನನಗಿಲ್ಲ. ಅದು ಕಪಾಟಿನಲ್ಲಿ ಅಲಂಕಾರಕ್ಕಿದೆ, ಓಡಿಸಲು ಹೊಸ 12 ವೋಲ್ಟ್ ಡಿ.ಸಿ. ಸಪ್ಲೈ ತಂದಿದ್ದೇನೆ.

ಹಳಿಯ ತುಂಡುಗಳನ್ನು ಮೊದಲ ಸಲ ನೆಲದ ಮೇಲೆ ಹರಡಿದಾಗ ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಅವರು ನಮ್ಮ ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು, ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದ ಕಾಲವನ್ನು ಮೈಯಲ್ಲಿ ಅನುಭವಿಸಿದವರು.

"ಮೂರು ಹಳಿ ಏಕೆ? ಮಿಕ್ಸೆಡ್ ಗೇಜಾ?" ಎಂದರು. ತಾವೇ ತಲೆಯಾಡಿಸಿ, "ಅಲ್ಲ, ಮಿಕ್ಸೆಡ್ ಗೇಜ್ ಆದರೆ ಮೂರನೆಯದು ನಡುವೆ ಬರುವುದಿಲ್ಲ" ಎಂದರು. ಮಿಕ್ಸೆಡ್ ಗೇಜ್ ಎಂದರೆ ಎರಡು ಅಗಲದ ರೈಲುಗಳೂ ಒಂದೇ ದಾರಿಯಲ್ಲಿ ಓಡುವಂತೆ ಹಾಕಿದ ಹಳಿ. ಅವರ ಲೆಕ್ಕ ಸರಿ. 1676 ಮಿಲಿಮೀಟರ್ ಬ್ರಾಡ್‌ಗೇಜ್‌ನೊಳಗೆ 1000 ಮಿಲಿಮೀಟರ್‌ನ ಮೀಟರ್ ಗೇಜ್ ಕೂರಿಸಿದರೆ ಮೂರನೆಯ ಹಳಿ ಒಂದು ಬದಿಗೆ ಬೀಳುತ್ತದೆ. ಇಲ್ಲಿ ಅದು ಸರಿಯಾಗಿ ನಡುಮಧ್ಯ.

ಕಾರಣ ಕರೆಂಟು. ಈ ಎಂಜಿನ್‌ನ ಚಕ್ರವೂ ಲೋಹ, ಅಚ್ಚೂ ಲೋಹ. ಒಂದು ಹಳಿಯಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಕೊಟ್ಟರೆ ಚಕ್ರ ಇಟ್ಟ ತಕ್ಷಣ ಶಾರ್ಟ್. ಆದ್ದರಿಂದ ನಡುವಿನ ಹಳಿಯಿಂದ ಕರೆಂಟು ಎಂಜಿನ್‌ನ ಹೊಟ್ಟೆಯಡಿಯ ಸ್ಪ್ರಿಂಗ್ ಪಟ್ಟಿಯ ಮೂಲಕ ಮೇಲೇರುತ್ತದೆ, ಹೊರಗಿನ ಎರಡೂ ಹಳಿಗಳ ಮೂಲಕ ಮರಳುತ್ತದೆ. ನೋಡಲು ಅಂದವಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಕಂಪನಿಯೇ 1959ರಲ್ಲಿ ಎರಡು ಹಳಿಗೆ ಬದಲಾಯಿತು, ಐದು ವರ್ಷಗಳಲ್ಲಿ ಪ್ರತಿಸ್ಪರ್ಧಿಯ ಕೈಗೂ ಹೋಯಿತು. ನನಗೆ ಮಾತ್ರ ಮೂರು ಹಳಿಯ ಮೇಲೆಯೇ ಪ್ರೀತಿ. ಎರಡು ಹಳಿಯ ದಾರಿಯನ್ನು ಬಳಸಿ ತಿರುಗಿಸಿ ತನಗೆ ತಾನೇ ಸೇರಿಸಿದರೆ ಎಡಹಳಿ ಹೋಗಿ ಬಲಹಳಿಗೆ ತಾಗಿ ಶಾರ್ಟ್ ಆಗುತ್ತದೆ, ಅದನ್ನು ತಪ್ಪಿಸಲು ಸ್ವಿಚ್ಚುಗಳ ಸಂಸಾರ ಹೂಡಬೇಕು. ಮೂರು ಹಳಿಯಲ್ಲಿ ಹೇಗೆ ತಿರುಗಿಸಿದರೂ ನಡುವಿನದು ನಡುವಿನದನ್ನೇ ಸೇರುತ್ತದೆ. ಬೆಂಗಳೂರಿನ ಮೆಟ್ರೊ ಕೂಡ ಮೂರನೆಯ ಹಳಿಯಿಂದಲೇ 750 ವೋಲ್ಟ್ ಪಡೆಯುತ್ತದೆ ಎಂದು ಅಪ್ಪನಿಗೆ ಹೇಳಿದೆ. "ಅದು ಪಕ್ಕದಲ್ಲಿರುತ್ತದೆ" ಎಂದು ಅವರು ಪೇಪರ್ ಓದಲು ಹೋದರು.

ಹಳಿ ಶುಚಿ ಮಾಡುವುದಕ್ಕೇ ಎರಡು ತಿಂಗಳು ಹಿಡಿಯಿತು. ತಗಡಿನ ತಳದ ಮೇಲೆ ಜಲ್ಲಿ, ಸ್ಲೀಪರುಗಳ ಚಿತ್ರ ಅಚ್ಚು ಹಾಕಿದ್ದಾರೆ. ಮರಳು ಕಾಗದ ಹಿಡಿದರೆ ಚಿತ್ರವೂ ಹೋಗುತ್ತದೆ, ತಗಡೂ ಹೋಗುತ್ತದೆ. ಅಡಿಭಾಗದ ತುಕ್ಕಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಮೇಲಿನ ಹಳಿಗೆ ಔಷಧಿ ಅಂಗಡಿಯ ಸ್ಪಿರಿಟ್, ಸಂದಿಗಳಿಗೆ ಕಸಬರಿಗೆಯ ಕಡ್ಡಿ. ಒಂದು ತುಂಡಿನಲ್ಲಿ ನಡುಹಳಿ ತಗಡಿಗೆ ತಾಗದಂತೆ ತಡೆಯುವ ಚೂರು ಮುರಿದು, ಇಡೀ ವೃತ್ತವೇ ಸತ್ತುಬಿದ್ದಿತ್ತು. ಅದನ್ನು ಹುಡುಕಲು ಎಲ್ಲ ಹಳಿಗಳನ್ನೂ ಒಂದೊಂದಾಗಿ ಕಳಚಿ ಮೀಟರ್ ಹಚ್ಚಬೇಕಾಯಿತು. ಅಮ್ಮನ ಮೊಣಕಾಲಿನ ಹಳೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಆ ಚೂರಿನ ಜಾಗಕ್ಕೆ ತುರುಕಿದ್ದೇನೆ. ಬಣ್ಣ ಮಾತ್ರ ಮುಟ್ಟಲಿಲ್ಲ. ಎಂಜಿನ್‌ನ ಮೂತಿಯ ಕೆಂಪು ಪಟ್ಟಿ ಅಲ್ಲಲ್ಲಿ ಕಿತ್ತು ಬಂದಿದೆ. ಯಾವನೋ ಹುಡುಗ ಅದನ್ನು ಗೋಡೆಗೆ ಗುದ್ದಿಸಿ ಆಡಿದ್ದಾನೆ, ಆ ಗುದ್ದನ್ನು ಅಳಿಸಲು ನಾನು ಯಾರು?

ಹದಿನೈದು ಇಂಚು ತ್ರಿಜ್ಯದ ಎಂಟು ಬಾಗು ತುಂಡುಗಳಿಗೆ ಒಂದು ವೃತ್ತ. ಆರು ಅಡಿ ನಾಲ್ಕು ಅಡಿಯ ಪ್ಲೈವುಡ್ ಮೇಲೆ ಅದಕ್ಕೆ ಒಂದೆರಡು ಕವಲು ಸೇರಿಸಿ ಗದಗ ಜಂಕ್ಷನ್ ಮಾಡಿದೆ. ಹುಬ್ಬಳ್ಳಿ, ಹೊಸಪೇಟೆ, ಹೋಟಗಿ ಮೂರೂ ಕಡೆಯ ದಾರಿಗಳು ಕೂಡುವ ಜಾಗ, ಅಜ್ಜಿಯ ಊರಿಗೆ ಹೋಗುವಾಗ ನಾವು ಇಳಿದು ಕಾಯುತ್ತಿದ್ದ ನಿಲ್ದಾಣ. ಇಂಗ್ಲೆಂಡಿನ ಎಂಜಿನ್‌ಗೆ ಗದಗಿನಲ್ಲಿ ಏನು ಕೆಲಸ ಎಂದು ಕೇಳಬಹುದು. ಕೇಳಿ, ನನ್ನ ಬಳಿ ಉತ್ತರವಿಲ್ಲ. ಹಿಂದಿನ ಗೋಡೆಯ ಮೇಲೆ ಮಗಳು ಕಪ್ಪತಗುಡ್ಡ ಬರೆದಳು. ನೆಲಕ್ಕೆ ಬಣ್ಣ ಬೇಡ, ನಿಜವಾದ ಎರೆಮಣ್ಣೇ ಇರಲಿ ಎಂದು ಅಣ್ಣಿಗೇರಿ ಕಡೆಯ ನೆಂಟರ ಹೊಲದಿಂದ ಒಂದು ಚೀಲ ತರಿಸಿ, ಒಣಗಿಸಿ, ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಫೆವಿಕಾಲ್ ನೀರಿನಲ್ಲಿ ಕೂರಿಸಿದೆ. ಎಷ್ಟು ಚೆಂದ ಕಂಡಿತೆಂದರೆ, ಬಿತ್ತನೆ ಮಾಡಬಹುದಿತ್ತು.

ಎಡವಟ್ಟು ಶುರುವಾದದ್ದೇ ಅಲ್ಲಿ. ಕರಿಮಣ್ಣಿನಲ್ಲಿ ಮ್ಯಾಗ್ನೆಟ್‌ಗೆ ಅಂಟುವ ಕಬ್ಬಿಣದ ಸಣ್ಣ ಕಣಗಳಿರುತ್ತವೆ. ಫ್ರಿಜ್‌ನ ಬಾಗಿಲಿನ ಗೊಂಬೆಯೊಂದನ್ನು ಮಣ್ಣಿನಲ್ಲಿ ಒಮ್ಮೆ ಆಡಿಸಿದ್ದರೂ ತಿಳಿಯುತ್ತಿತ್ತು. ಆಮೇಲೆ ಆಡಿಸಿ ನೋಡಿದೆ, ಗೊಂಬೆಗೆ ಕಪ್ಪು ಮೀಸೆ ಬಂತು. ಎರಡು ವಾರ ಗದಗಿನ ನೆಲದ ಮೇಲೆ ಓಡಿದ ಎಂಜಿನ್ ಆ ಕಣಗಳನ್ನೆಲ್ಲ ಹೊಟ್ಟೆಗೆ ಎಳೆದುಕೊಂಡು ಗರಗರ ಎನ್ನತೊಡಗಿತ್ತು. ಅದನ್ನು ತೆಗೆಯಲೆಂದೇ ಅಂದು ಮೋಟರ್ ಬಿಚ್ಚಿದ್ದು.

"ಮ್ಯಾಗ್ನೆಟ್ ಚಾರ್ಜ್ ಮಾಡಿಸು" ಎಂದರು ಅಪ್ಪ, ಮೊಬೈಲ್ ಚಾರ್ಜ್ ಮಾಡಿಸು ಎನ್ನುವಷ್ಟು ಸಲೀಸಾಗಿ. "ನನ್ನ ಲೂನಾ ಕಿಕ್‌ಗೆ ಬಾರದೆ ಹೋದಾಗ ಹಳೇ ಹುಬ್ಬಳ್ಳಿಯಲ್ಲಿ ಮಾಡಿಸುತ್ತಿದ್ದೆ. ಆ ಚಾಚಾ ಇನ್ನೂ ಇದ್ದಾನೆ."

ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ಜಾಣತನ ತೋರಿಸಲು ಬೆಳಗ್ಗೆಯೇ ಮೋಟರಿನಿಂದ ಮ್ಯಾಗ್ನೆಟ್ ಒಂದನ್ನೇ ಬಿಡಿಸಿ, ಕರವಸ್ತ್ರದಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡೆ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಕೇಶ್ವಾಪುರದಿಂದ ಹೊರಟು, ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಯ ಧೂಳು ಕುಡಿದು, ಇಂಡಿ ಪಂಪ್ ದಾಟಿ ಒಂದು ಸಂದಿಯೊಳಗೆ ತಿರುಗಿದೆ. ಫಲಕವಿಲ್ಲದ ಅಂಗಡಿ. ಒಳಗೆ ಸ್ಟಾರ್ಟರ್‌ಗಳು, ಡೈನಮೊಗಳು, ಸ್ಕೂಟರುಗಳ ಮ್ಯಾಗ್ನೆಟ್ ಚಕ್ರಗಳು ಜೋಳದ ರೊಟ್ಟಿಯಂತೆ ಒಂದರ ಮೇಲೊಂದು. ಗೋಡೆಯ ಪಕ್ಕ ಆ ಯಂತ್ರ: ಎರಡು ದಪ್ಪ ಕಬ್ಬಿಣದ ಕಂಬಗಳು, ಅವುಗಳ ಸುತ್ತ ಕೊಡದ ಕುತ್ತಿಗೆಯಷ್ಟು ದಪ್ಪಗೆ ಸುತ್ತಿದ ತಾಮ್ರದ ತಂತಿ, ಹಳೆಯ ಕಾಲದ ಚಾಕು ಸ್ವಿಚ್ಚು.

ಚಾಚಾ ಕರವಸ್ತ್ರ ಬಿಚ್ಚಿ ನೋಡಿದರು. ಮ್ಯಾಗ್ನೆಟ್‌ಗೆ ಪಾನಾ ಮುಟ್ಟಿಸಿ ಎತ್ತಿದರು, ಅದು ಜಾರಿ ಬಿತ್ತು.

"ತುಂಬಿಸಿ ಕೊಡುತ್ತೇನೆ ತಂಗಿ. ಆದರೆ ಮನೆಗೆ ಹೋಗಿ ನೋಡಿದರೆ ಮತ್ತೆ ಹೀಗೇ ಇರುತ್ತದೆ. ಇದರ ಮನೆ ಎಲ್ಲಿ?"

"ಮನೆ?"

"ಇದು ಕೂರುವ ಮೋಟರ್. ಇಡಿಯಾಗಿ ತೆಗೆದುಕೊಂಡು ಬಾ. ಒಳಗೆ ಕೂರಿಸಿಯೇ ತುಂಬಿಸಬೇಕು."

ನಾನು ಓದಿ ಮರೆತದ್ದನ್ನು ಅವರು ಓದದೆಯೇ ಬಲ್ಲವರಾಗಿದ್ದರು. ಅಪ್ಪ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಚಾಚಾನೊಂದಿಗೆ ಲೂನಾ ಕಾಲದ ಸುದ್ದಿ ತೆಗೆದರು. ಮತ್ತೆ ಅದೇ ಧೂಳಿನಲ್ಲಿ ಮನೆಗೆ ಹೋಗಿ ಬಂದವಳು ನಾನೊಬ್ಬಳೇ. ಅವಸರದಲ್ಲಿ ಮ್ಯಾಗ್ನೆಟ್ ಕೂರಿಸಿ, ಆರ್ಮೇಚರ್ ಸೇರಿಸಿ, ಸ್ಕ್ರೂ ಬಿಗಿದು, ಈ ಸಲ ಮೋಟರನ್ನು ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಬರುವಷ್ಟರಲ್ಲಿ ಇಬ್ಬರೂ ಎರಡನೆಯ ಸುತ್ತು ಚಹಾ, ಮಿರ್ಚಿ ಮುಗಿಸಿದ್ದರು.

ಚಾಚಾ ಮೋಟರನ್ನು ದಾರದಲ್ಲಿ ಇಳಿಬಿಟ್ಟು ಯಂತ್ರಕ್ಕೆ ತುಸುವೇ ಕರೆಂಟು ಕೊಟ್ಟರು. ಮೋಟರ್ ನಿಧಾನವಾಗಿ ತಿರುಗಿ ಒಂದು ಮಗ್ಗುಲಿಗೆ ನಿಂತಿತು. "ಉಳಿದ ಶಕ್ತಿ ಯಾವ ಕಡೆಗಿದೆ ಎಂದು ಅದೇ ಹೇಳುತ್ತದೆ" ಎಂದು, ಅದೇ ಮಗ್ಗುಲಿನಲ್ಲಿ ಎರಡು ಕಂಬಗಳ ನಡುವೆ ಕಬ್ಬಿಣದ ಬಿಲ್ಲೆಗಳನ್ನು ಒತ್ತರಿಸಿ ಬಿಗಿದರು. ನನಗೆ ಹಿಂದೆ ಸರಿಯಲು ಕೈಸನ್ನೆ ಮಾಡಿದರು. ಠಪ್. ಬಲ್ಬು ಒಂದು ಕ್ಷಣ ಕಣ್ಣು ಮುಚ್ಚಿ ತೆರೆಯಿತು, ಬೆಂಚಿನ ಮೇಲಿದ್ದ ಮೊಳೆಗಳೆಲ್ಲ ಎದ್ದು ಯಂತ್ರದ ಕಡೆಗೆ ಮುಖ ಮಾಡಿದವು. ಇನ್ನೆರಡು ಸಲ ಠಪ್, ಠಪ್. ಮೋಟರಿಗೆ ಪಾನಾ ಮುಟ್ಟಿಸಿ ಎತ್ತಿದರೆ ಈ ಬಾರಿ ಮೋಟರೇ ಮೇಲೆ ಬಂತು. ನೂರು ರೂಪಾಯಿ ಕೊಟ್ಟೆ. ಐವತ್ತು ಹಿಂದಿರುಗಿಸಿದರು, ಸ್ಕೂಟರಿನದಕ್ಕಿಂತ ಚಿಕ್ಕದಂತೆ.

ಸಂಜೆ ಮನೆಯವರೆಲ್ಲ ಗದಗ ಜಂಕ್ಷನ್ ಸುತ್ತ ಸೇರಿದರು. ಮಣ್ಣಿನ ಮೇಲೆ ಈಗ ವಾರ್ನಿಷ್‌ನ ತೆಳು ಲೇಪವಿತ್ತು, ಕಣಗಳು ಏಳಬಾರದೆಂದು. ಎಂಜಿನ್‌ನ ಹಿಂದೆ ಐದು ಡಬ್ಬಿ ಕಟ್ಟಿ, ಹೊಸಪೇಟೆಯ ಕಡೆಗೆಂದು ಗುಂಡಿಯನ್ನು ಬಲಕ್ಕೆ ತಿರುಗಿಸಿದೆ. ಎಂಜಿನ್ ಐದೂ ಡಬ್ಬಿಗಳನ್ನು ತಳ್ಳಿಕೊಂಡು ಗಂಭೀರವಾಗಿ ಹುಬ್ಬಳ್ಳಿಯ ಕಡೆಗೆ ಹಿಮ್ಮುಖವಾಗಿ ಹೊರಟಿತು.

ಮಗಳು ನಕ್ಕು ನಕ್ಕು ಗೋಡೆಗೆ ಒರಗಿದಳು. ಚಾಚಾ ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ಮ್ಯಾಗ್ನೆಟ್‌ನಲ್ಲಿ ಉಳಿದಿದ್ದ ದಿಕ್ಕಿಗೇ ತುಂಬಿಸಿದ್ದಾರೆ. ಬೆಳಗ್ಗೆ ಅದನ್ನು ಗುರುತು ಹಾಕದೆ ಬಿಡಿಸಿ, ಮಧ್ಯಾಹ್ನ ಉಲ್ಟಾ ಕೂರಿಸಿದವಳು ನಾನು. ಧ್ರುವ ಅದಲುಬದಲಾದರೆ ಡಿ.ಸಿ. ಮೋಟರ್ ತಿರುಗುವ ದಿಕ್ಕೂ ಬದಲು. ಸರಿಮಾಡಲು ಮ್ಯಾಗ್ನೆಟ್ ಹೊರತೆಗೆದು ತಿರುಗಿಸಬೇಕು. ಹೊರತೆಗೆದರೆ ಮತ್ತೆ ಸೋರುತ್ತದೆ. ಸೋರಿದರೆ ಮತ್ತೆ ಇಂಡಿ ಪಂಪ್.

"ಸಪ್ಲೈ ತಂತಿ ತಿರುವಿ ಹಾಕು" ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.

ತಿರುವಿ ಹಾಕಿದೆ. ಈಗ ನಡುಹಳಿಗೆ ಹೋಗುವುದು ಕಪ್ಪು ತಂತಿ, ಹೊರಹಳಿಗೆ ಕೆಂಪು. ಬೇರೆ ಯಾರಾದರೂ ನೋಡಿ ಸರಿಪಡಿಸಿಬಿಟ್ಟಾರೆಂದು ಪ್ಲೈವುಡ್‌ನ ಅಂಚಿಗೆ ಚೀಟಿ ಅಂಟಿಸಿದ್ದೇನೆ: "ಹೀಗೇ ಇರಲಿ." ಟ್ರಂಕಿನ ತಳದಲ್ಲಿ ಇನ್ನೊಂದು ಎಂಜಿನ್ ಇದೆ, ಅದನ್ನು ಇನ್ನೂ ಬಿಚ್ಚಿಲ್ಲ. ಅದು ಓಡತೊಡಗಿದರೆ ಒಂದು ಹೊಸಪೇಟೆಗೂ ಇನ್ನೊಂದು ಹುಬ್ಬಳ್ಳಿಗೂ ಏಕಕಾಲಕ್ಕೆ ಹೊರಡುತ್ತವೆ. ಅಷ್ಟರೊಳಗೆ ಕೀಪರ್‌ಗೆಂದು ಒಂದಿಂಚಿನ ಮೆದು ಕಬ್ಬಿಣದ ತುಂಡು ಕತ್ತರಿಸಿಕೊಡಲು ಅಪ್ಪನಿಗೆ ಹೇಳಿದ್ದೇನೆ. ದಿನಾ ನಾಳೆ ಎನ್ನುತ್ತಿದ್ದಾರೆ.