ನಮ್ಮ ಹುಡುಗನ್ನ ನಡುವೆ ಯಾಕೆ ಹಾಕ್ತೀರಿ ಸಾರ್?

ಬಳ್ಳಾರಿಯಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವ ನನ್ನನ್ನು ತಂದೆತಾಯಿಯರು ಕೇಳುವ ಪ್ರಶ್ನೆ ಒಂದೇ. ಬೆಳಗ್ಗೆ ಆರಕ್ಕೆ ಮಗನನ್ನು ಬೈಕಿನಲ್ಲಿ ಕರೆತಂದು, ಕಟ್ಟೆಯ ಮೇಲೆ ಕೂತು ಆಟ ನೋಡಿ, ಕೊನೆಗೆ ಹತ್ತಿರ ಬಂದು ಕೇಳುತ್ತಾರೆ: "ಸಾರ್, ನಮ್ ಹುಡುಗ ಚಲೋ ಓಡ್ತಾನ್ರಿ. ಮುಂದೆ ಹಾಕ್ರಿ. ನಡುವೆ ನಿಂತ್ರೆ ಯಾರ ಕಣ್ಣಿಗೆ ಬೀಳ್ತಾನ?"

ಮಗ ಗೋಲು ಹೊಡೆಯಬೇಕು, ನಾಲ್ಕು ಜನ ನೋಡಬೇಕು ಅನ್ನುವ ಆಸೆ ಅದು. ತಪ್ಪೇನಿಲ್ಲ. ಅವರಿಗೆಲ್ಲ ನಾನು, ನಡುವೆಯೇ ನಿಂತು ಆಡಿದ ಟೋನಿ ಕ್ರೂಸ್ ಆಟ ನೋಡಿ ಎನ್ನುತ್ತೇನೆ.

ಜರ್ಮನಿಯ ಗ್ರೈಫ್ಸ್‌ವಾಲ್ಡ್ ಊರಿನವನು, ಹುಟ್ಟಿದ್ದು 1990ರಲ್ಲಿ. ಅಪ್ಪನೇ ಕೋಚ್. ಹದಿನೇಳಕ್ಕೆ ಬಯರ್ನ್ ಮ್ಯೂನಿಕ್ ಕ್ಲಬ್ ಪರ ಆಡಿದ, 2014ರಲ್ಲಿ ವಿಶ್ವಕಪ್ ಗೆದ್ದು ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ಸೇರಿದ, ಹತ್ತು ವರ್ಷ ಅಲ್ಲೇ ಉಳಿದ. ಯೂರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಒಟ್ಟು ಆರು ಸಲ ಗೆದ್ದ. ಆ ವಿಶ್ವಕಪ್ಪಿನ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ 69 ಸೆಕೆಂಡಿನೊಳಗೆ ಎರಡು ಗೋಲು ಹೊಡೆದದ್ದು ಎಲ್ಲರಿಗೂ ನೆನಪಿದೆ. ಆದರೆ ಹುಡುಗರಿಗೆ ನಾನು ಮೊಬೈಲಿನಲ್ಲಿ ತೋರಿಸುವುದು ಅದನ್ನಲ್ಲ.

ತೋರಿಸುವುದು 2024ರ ಏಪ್ರಿಲ್ 30ರ ಪಂದ್ಯ. ಮ್ಯೂನಿಕ್‌ನಲ್ಲಿ, ತನ್ನ ಹಳೆಯ ತಂಡದ ವಿರುದ್ಧವೇ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. 24ನೇ ನಿಮಿಷ. ಚೆಂಡು ಕ್ರೂಸ್ ಕಾಲಲ್ಲಿದೆ. ಓಡುತ್ತಿಲ್ಲ, ಅವಸರವಿಲ್ಲ. ಕೈ ಎತ್ತಿ ಬೆರಳಿನಿಂದ ಒಂದು ಜಾಗ ತೋರಿಸುತ್ತಾನೆ, ಅಲ್ಲಿ ಯಾರೂ ಇಲ್ಲ, ಬರೀ ಹುಲ್ಲು. ಮುಂದೆ ಆಡುವ ವಿನೀಸಿಯಸ್‌ಗೆ ಅರ್ಥವಾಗಿ ಅತ್ತ ನುಗ್ಗುತ್ತಾನೆ. ಚೆಂಡು ಡಿಫೆಂಡರ್‌ಗಳ ನಡುವಿನಿಂದ ನೆಲ ಹಿಡಿದು ಉರುಳಿ ಅವನ ಕಾಲಿಗೇ ಬಂದು ಸೇರುತ್ತದೆ. ಗೋಲು. ಕೂಗಾಟವೆಲ್ಲ ವಿನೀಸಿಯಸ್‌ಗೆ. ನಾನು ವಿಡಿಯೋ ಹಿಂದಕ್ಕೆ ಹಾಕಿ ಆ ಬೆರಳಿನ ಹತ್ತಿರ ನಿಲ್ಲಿಸುತ್ತೇನೆ. ಎಷ್ಟು ಸಲ ನೋಡಿದ್ದೇನೋ, ಈಗಲೂ ಮೈ ಜುಮ್ಮೆನ್ನುತ್ತದೆ.

ಇದು ಕಾಲಿನ ಜಾಣ್ಮೆಯೊಂದೇ ಅಲ್ಲ. ಚೆಂಡು ಬರುವ ಮುಂಚೆಯೇ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕತ್ತು ತಿರುಗಿಸಿ ಯಾರು ಎಲ್ಲಿದ್ದಾರೆ ಎಂದು ನೋಡಿಟ್ಟುಕೊಳ್ಳಬೇಕು. ಚೆಂಡು ಬಂದ ಮೇಲೆ ನೋಡುತ್ತೇನೆ ಅಂದರೆ ಎದುರಾಳಿ ಮೈಮೇಲೆ ಬಂದಿರುತ್ತಾನೆ. ನಮ್ಮ ಗ್ರೌಂಡಿನಲ್ಲಿ ಈ ಅಭ್ಯಾಸ ಇನ್ನೂ ಕಷ್ಟ. ನೆಲ ಗಟ್ಟಿ, ಅಲ್ಲಲ್ಲಿ ಗರಸು, ಚೆಂಡು ಎತ್ತ ಪುಟಿಯುತ್ತದೋ ಎಂಬ ಭಯಕ್ಕೆ ಹುಡುಗರ ಕಣ್ಣು ಚೆಂಡು ಬಿಟ್ಟು ಮೇಲೇಳುವುದಿಲ್ಲ. ಆ ಭಯ ಬಿಡಿಸುವುದಕ್ಕೇ ನನಗೆ ತಿಂಗಳುಗಳು ಬೇಕು.

ತಪ್ಪಿದರೆ ಏನು ಗತಿ ಎಂದೂ ಕೇಳುತ್ತಾರೆ. 2018ರ ವಿಶ್ವಕಪ್‌ನಲ್ಲಿ ಸ್ವೀಡನ್‌ಗೆ ಮೊದಲ ಗೋಲು ಸಿಕ್ಕಿದ್ದೇ ಕ್ರೂಸ್‌ನ ಕೆಟ್ಟ ಪಾಸ್‌ನಿಂದ. ನಡುವಿನವನು ಎಡವಿದರೆ ಇಡೀ ತಂಡಕ್ಕೆ ಪೆಟ್ಟು. ಆದರೂ ಅವನು ಅಡಗಿಕೊಳ್ಳಲಿಲ್ಲ, ಚೆಂಡು ಕೇಳುತ್ತಲೇ ಹೋದ. ಹತ್ತೇ ಜನ ಉಳಿದಿದ್ದಾಗ, 95ನೇ ನಿಮಿಷದಲ್ಲಿ, ಎಡಮೂಲೆಯಿಂದ ಫ್ರೀಕಿಕ್ ಬಾಗಿಸಿ ಗೋಲು ಹೊಡೆದು ಗೆಲ್ಲಿಸಿದ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಮ್ಯಾಡ್ರಿಡ್‌ನಲ್ಲಿ ವರ್ಷಗಟ್ಟಲೆ ಒಂದೇ ಮಾದರಿಯ ಬಿಳಿ ಬೂಟು ಹಾಕಿಕೊಂಡೇ ಆಡಿದ, ಅದನ್ನು ತಾನೇ ತೊಳೆದುಕೊಳ್ಳುತ್ತಿದ್ದ. ಕೆಂಪು ಧೂಳು ಮೆತ್ತಿದ ಬೂಟನ್ನು ಅಮ್ಮನ ಮುಂದೆ ಎಸೆಯುವ ನನ್ನ ಹುಡುಗರಿಗೆ ಇದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತೇನೆ.

2024ರಲ್ಲಿ, 34ನೇ ವಯಸ್ಸಿಗೇ ಆಟ ಬಿಟ್ಟ. ಸೋತು ಸುಣ್ಣವಾಗಿ ಅಲ್ಲ. ಕ್ಲಬ್ಬಿನ ಕೊನೆಯ ಪಂದ್ಯ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಕಪ್ ಕೈಯಲ್ಲಿತ್ತು. ಅದರ ಮೊದಲ ಗೋಲಿಗೆ ತಲೆ ಕೊಟ್ಟವನು ಜೊತೆಗಾರ ಕಾರ್ವಹಾಲ್, ಕಾರ್ನರ್ ಹೊಡೆದವನು ಕ್ರೂಸ್. ಯೂರೋ ಕಪ್ಪಿಗೆಂದು ಜರ್ಮನಿ ತಂಡಕ್ಕೆ ಮರಳಿ, ಮೊದಲ ಪಂದ್ಯದಲ್ಲಿ ಸ್ಕಾಟ್ಲೆಂಡ್ ವಿರುದ್ಧ 102 ಪಾಸ್‌ಗಳಲ್ಲಿ 101 ಸರಿಯಾಗಿ ಮುಟ್ಟಿಸಿದ. ಕ್ವಾರ್ಟರ್‌ಫೈನಲ್‌ನಲ್ಲಿ ಸ್ಪೇನ್ ಎದುರು ಸೋಲು, ಅಲ್ಲಿಗೆ ಆಟ ಮುಗಿಯಿತು.

ಕಳೆದ ತಿಂಗಳು ಅದೇ ಪ್ರಶ್ನೆ ಕೇಳಿದ ಒಬ್ಬ ಅಪ್ಪನ ಪಕ್ಕ ಹೋಗಿ ಕೂತೆ. "ಅಣ್ಣಾ, ಹತ್ತು ನಿಮಿಷ ಚೆಂಡು ನೋಡಬ್ಯಾಡ್ರಿ. ನಿಮ್ ಮಗನ ಕತ್ತು ಮಾತ್ರ ನೋಡ್ರಿ" ಅಂದೆ. ಅವರು ಬೆರಳು ಮಡಚುತ್ತಾ ಕೂತರು. ಅಷ್ಟರಲ್ಲಿ ಎಡಗಡೆಯ ಹುಡುಗ ಒಂದು ಗೋಲು ಹೊಡೆದ, ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ತಟ್ಟಲಿಲ್ಲ, ಎಣಿಕೆ ತಪ್ಪೀತೆಂದು.

"ಹದಿನಾಲ್ಕು ಸಲ ತಿರುಗಿ ನೋಡಿದ್ನ್ರಿ ಸಾರ್," ಅಂದರು. "ಆ ಗೋಲಿಗೆ ಚೆಂಡು ಕೊಟ್ಟಾವ ಇವನಾ?"